ಹದಿನಾರಕ್ಕೇ ಓಟು ಕೊಟ್ಟ ಊರು

ವಾಷಿಂಗ್ಟನ್ನಿನ ನಡುಭಾಗದಿಂದ ಮೆಟ್ರೊ ರೈಲಿನ ಕೆಂಪು ಮಾರ್ಗ ಹಿಡಿದು ಉತ್ತರಕ್ಕೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಟಕೋಮಾ ನಿಲ್ದಾಣ ಬರುತ್ತದೆ. ಅಲ್ಲಿಳಿದು ಕೆಲವೇ ನಿಮಿಷ ನಡೆದರೆ ರಾಜಧಾನಿಯ ಗಡಿ ಮುಗಿದು ಮೇರಿಲ್ಯಾಂಡ್ ರಾಜ್ಯದ ಟಕೋಮಾ ಪಾರ್ಕ್ ಶುರುವಾಗುತ್ತದೆ. 1883ರಲ್ಲಿ ರೈಲು ದಾರಿಯ ಪಕ್ಕದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಗಿಲ್ಬರ್ಟ್ ಕಟ್ಟಿಸಿದ ಬಡಾವಣೆ ಇದು. 1890ರಲ್ಲಿ ಸ್ವಂತ ಆಡಳಿತ ಪಡೆಯಿತು. 2020ರ ಜನಗಣತಿಯಂತೆ ಇಲ್ಲಿಯ ಜನಸಂಖ್ಯೆ ಸುಮಾರು 17,600.

ದೊಡ್ಡ ಮರಗಳ ನೆರಳು, ಹಳೆಯ ಕಾಲದ ಮರದ ಮನೆಗಳು, ಊರೊಳಗೇ ಹರಿಯುವ ಸ್ಲೈಗೋ ತೊರೆ, ವಸಂತದಲ್ಲಿ ಬೇಲಿ ತುಂಬ ಅರಳುವ ಅಜೇಲಿಯಾ ಹೂ. ಭಾನುವಾರ ಪೇಟೆಯಲ್ಲಿ ರೈತರ ಸಂತೆ. 1990ರ ದಶಕದಲ್ಲಿ ಬೀದಿ ಬೀದಿ ಸುತ್ತುತ್ತಿದ್ದ ಒಂದು ಹುಂಜಕ್ಕೂ ಇಲ್ಲಿ ಕಂಚಿನ ಪ್ರತಿಮೆಯಿದೆ!

ಆದರೆ ಈ ಊರಿಗೆ ಹೆಸರು ತಂದದ್ದು ಹುಂಜವಲ್ಲ, ಚುನಾವಣೆ. 2013ರ ಮೇ ತಿಂಗಳಲ್ಲಿ ಇಲ್ಲಿಯ ನಗರಸಭೆ ಮತದಾನದ ವಯಸ್ಸನ್ನು ಹದಿನೆಂಟರಿಂದ ಹದಿನಾರಕ್ಕೆ ಇಳಿಸಿತು. ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ನಗರ ಇದೇ. ‘ಹದಿನಾರರ ಮಕ್ಕಳಿಗೆ ಏನು ತಿಳಿಯುತ್ತದೆ? ಅಪ್ಪ ಅಮ್ಮ ಹೇಳಿದವರಿಗೆ ಓಟು ಹಾಕಿ ಬರುತ್ತಾರೆ’ ಎಂಬುದು ಇಂಥ ಸುಧಾರಣೆಗೆ ಎಲ್ಲೆಡೆ ಎದುರಾಗುವ ಆಕ್ಷೇಪ. ಬೇಕೆನ್ನುವವರ ವಾದ ಬೇರೆ. ಹದಿನೆಂಟಕ್ಕೆ ಮಕ್ಕಳು ಕಾಲೇಜಿಗೆಂದು ಮನೆ ಬಿಟ್ಟು ಹೋಗುತ್ತಾರೆ. ಗುರುತು ಪರಿಚಯವಿಲ್ಲದ ಊರಿನಲ್ಲಿ ಮೊದಲ ಓಟು ತಪ್ಪಿಹೋಗುತ್ತದೆ, ತಪ್ಪಿದ್ದೇ ಅಭ್ಯಾಸವಾಗುತ್ತದೆ. ಹದಿನಾರಕ್ಕಾದರೆ ಮನೆಯಿದೆ, ಶಾಲೆಯಿದೆ, ಬೀದಿಯ ದೀಪ ಉರಿಯದಿದ್ದರೆ ಯಾರನ್ನು ಕೇಳಬೇಕೆಂಬುದೂ ಗೊತ್ತಿದೆ.

ಆ ವರ್ಷದ ನವೆಂಬರಿನಲ್ಲೇ ಪರೀಕ್ಷೆ ನಡೆಯಿತು. ಒಟ್ಟು ಮತದಾನ ಶೇಕಡ 11ರ ಆಸುಪಾಸು. ಹೆಸರು ನೋಂದಾಯಿಸಿದ್ದ ಹದಿನಾರು, ಹದಿನೇಳರ ಮಕ್ಕಳಲ್ಲಿ ಮಾತ್ರ ಶೇಕಡ 40ಕ್ಕೂ ಹೆಚ್ಚು. ಈ ಮಕ್ಕಳ ಸಂಖ್ಯೆ ಚಿಕ್ಕದು, ನೂರರ ಲೆಕ್ಕದ್ದು. ಆದರೂ ಓಟು ಹಾಕಿ ಬಂದವರ ಪ್ರಮಾಣದಲ್ಲಿ ಹಿರಿಯರು ಬಹಳ ಹಿಂದೆ ಬಿದ್ದಿದ್ದರು.

ಈ ಊರು ಓಟಿನ ಬಾಗಿಲನ್ನು ಅಗಲ ಮಾಡಿದ್ದು ಅದೇ ಮೊದಲಲ್ಲ. 1991ರಲ್ಲಿ ಜನಮತ ಕೇಳಿ, ತೀರಾ ಕಡಿಮೆ ಅಂತರದ ಒಪ್ಪಿಗೆ ಪಡೆದು, ಮರುವರ್ಷ ಅಮೆರಿಕದ ಪೌರತ್ವವಿಲ್ಲದ ನಿವಾಸಿಗಳಿಗೂ ನಗರಸಭೆಯ ಮತದಾನದ ಹಕ್ಕು ಕೊಟ್ಟಿತು. ಬೆಂಗಳೂರಿನಿಂದ ಕೆಲಸಕ್ಕೆಂದು ಹೋಗಿ ಅಲ್ಲಿ ಮನೆ ಮಾಡಿದವರೂ ಹೆಸರು ನೋಂದಾಯಿಸಿ ಮೇಯರ್ ಯಾರಾಗಬೇಕೆಂದು ಹೇಳಬಹುದು. ಮತ ಹಾಕುವ ಕ್ರಮವೂ ಬೇರೆ. ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಗುರುತಿಸಬೇಕು. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಗಳಲ್ಲಿ ಓಟು ಹಾಕಿದವರಿಗೆ ಇದು ಹೊಸತಲ್ಲ. ಮೇಯರ್ ಒಬ್ಬರು, ಆರು ವಾರ್ಡುಗಳಿಂದ ಆರು ಸದಸ್ಯರು ಹೀಗೆ ಆರಿಸಿ ಬರುತ್ತಾರೆ.

ನಗರಸಭೆಯ ಮೇಲೆ ಕೌಂಟಿ ಇದೆ. ನಮ್ಮ ಜಿಲ್ಲೆಯಂಥ ಆಡಳಿತ, ಆದರೆ ಆಳುವವರು ಚುನಾಯಿತರು. 1997ರವರೆಗೆ ಕೌಂಟಿಯ ಗೆರೆ ಟಕೋಮಾ ಪಾರ್ಕನ್ನು ಎರಡು ಹೋಳು ಮಾಡಿತ್ತು. ಒಂದೇ ಊರಿನವರು, ಮಕ್ಕಳ ಶಾಲಾಡಳಿತ ಬೇರೆ, ಕಟ್ಟುವ ತೆರಿಗೆ ಬೇರೆ. 1995ರಲ್ಲಿ ಊರವರೇ ಓಟು ಹಾಕಿ ತೀರ್ಮಾನಿಸಿದಂತೆ 1997ರ ಜುಲೈ 1ರಂದು ಇಡೀ ಊರು ಮಾಂಟ್ಗೊಮೆರಿ ಕೌಂಟಿಗೆ ಸೇರಿತು.

ಇಲ್ಲೇ ಒಂದು ತೊಡಕು. ನಗರಸಭೆಯ ಕೈಯಲ್ಲಿರುವುದು ಊರಿನ ರಸ್ತೆ, ಪುಸ್ತಕಾಲಯ, ಪೊಲೀಸು. ಶಾಲೆಗಳು ಕೌಂಟಿಯ ಶಿಕ್ಷಣ ಮಂಡಳಿಗೆ ಸೇರಿದವು. ಕೌಂಟಿಯ ಚುನಾವಣೆಗೆ ಹದಿನೆಂಟು ತುಂಬಿರಬೇಕು, ಪೌರತ್ವವೂ ಬೇಕು. 2020ರಿಂದ ನಗರಸಭೆಯ ಚುನಾವಣೆ ಸಮಸಂಖ್ಯೆಯ ವರ್ಷಗಳ ನವೆಂಬರಿನಲ್ಲಿ, ಉಳಿದ ಚುನಾವಣೆಗಳ ಜತೆಗೇ ನಡೆಯುತ್ತದೆ. ಮತಪತ್ರಗಳು ಮಾತ್ರ ಪ್ರತ್ಯೇಕ. ಒಂದೇ ಮನೆಯಲ್ಲಿ ತಾಯಿಗೆ ಎರಡೂ ಮತಪತ್ರ ಸಿಕ್ಕರೆ, ಹದಿನಾರರ ಮಗಳಿಗೆ ಒಂದೇ. ಅವಳು ದಿನವೂ ಕಾಲಿಡುವ ಶಾಲೆಯ ಆಡಳಿತ ಆ ಒಂದರಲ್ಲಿ ಇಲ್ಲ!

ಇದಕ್ಕೆ ಕೌಂಟಿಯಲ್ಲೇ ಅರ್ಧ ಪರಿಹಾರವೂ ಇದೆ. ಎಂಟು ಸದಸ್ಯರ ಶಿಕ್ಷಣ ಮಂಡಳಿಯಲ್ಲಿ ಒಂದು ಸ್ಥಾನ ವಿದ್ಯಾರ್ಥಿಯದು. ಆ ಸದಸ್ಯರನ್ನು ಆರಿಸುವವರು ಕೌಂಟಿಯ ಸರ್ಕಾರಿ ಮಾಧ್ಯಮಿಕ ಹಾಗೂ ಪ್ರೌಢಶಾಲೆಗಳ ಮಕ್ಕಳು. ಹನ್ನೊಂದು, ಹನ್ನೆರಡು ವಯಸ್ಸಿಗೇ ಅಭ್ಯರ್ಥಿಗಳ ಮಾತು ಕೇಳಿ, ತೂಗಿ ನೋಡಿ ಓಟು ಹಾಕುತ್ತಾರೆ. ಗೆದ್ದವರು ಒಂದು ವರ್ಷ ಹಿರಿಯರ ಪಕ್ಕದಲ್ಲಿ ಕುಳಿತು ಶಾಲೆಗಳ ಬಜೆಟ್ಟಿನ ಮೇಲೂ ಮತ ಹಾಕುತ್ತಾರೆ.

ಟಕೋಮಾ ಪಾರ್ಕಿನ ದಾರಿಯನ್ನು ಅದೇ ರಾಜ್ಯದ ಹಯಾಟ್ಸ್‌ವಿಲ್ 2015ರಲ್ಲಿ ಹಿಡಿಯಿತು. ಕ್ಯಾಲಿಫೋರ್ನಿಯಾದ ಬರ್ಕ್ಲಿ ಮತ್ತು ಓಕ್ಲೆಂಡಿನಲ್ಲಿ 2024ರಲ್ಲಿ ಹದಿನಾರರ ಮಕ್ಕಳು ಶಾಲಾ ಮಂಡಳಿಗೇ ಓಟು ಹಾಕಿದರು. ಆದರೂ ದೊಡ್ಡ ದೇಶದಲ್ಲಿ ಇಂಥ ಊರುಗಳು ಬೆರಳೆಣಿಕೆಯಷ್ಟೇ.

ಪ್ರವಾಸಿಗರು ಶ್ವೇತಭವನದ ಬೇಲಿಯ ಮುಂದೆ ಫೋಟೊ ತೆಗೆಸಿಕೊಂಡು ಅಮೆರಿಕದ ಪ್ರಜಾಪ್ರಭುತ್ವ ನೋಡಿಯಾಯಿತೆಂದುಕೊಳ್ಳುವುದುಂಟು. ಅದನ್ನು ಹತ್ತಿರದಿಂದ ನೋಡಬೇಕೆಂದರೆ ಟಕೋಮಾ ಪಾರ್ಕಿನ ಮೇಪಲ್ ಅವೆನ್ಯೂದ ಸಮುದಾಯ ಭವನಕ್ಕೆ ಹೋಗಬೇಕು. ನಗರಸಭೆಯ ಸಾರ್ವಜನಿಕ ಸಭೆಗಳು ಅಲ್ಲಿ ನಡೆಯುತ್ತವೆ. ಪ್ರವೇಶಕ್ಕೆ ಟಿಕೆಟ್ಟಿಲ್ಲ.