ಟ್ಯಾಂಕಿನ ಲೋಳೆ

ಬೋಧನಾಭ್ಯಾಸದ ಎರಡನೇ ವಾರ, ಎಂಟನೇ ತರಗತಿಗೆ ಸೂಕ್ಷ್ಮಜೀವಿಗಳ ಪಾಠ. ಬ್ಯಾಕ್ಟೀರಿಯಾಗಳು ಒದ್ದೆ ಜಾಗಕ್ಕೆ ಅಂಟಿಕೊಂಡು, ಸುತ್ತ ಲೋಳೆ ಕಟ್ಟಿಕೊಂಡು ಗುಂಪಾಗಿ ಬದುಕುತ್ತವೆ, ಅದೇ ಬಯೋಫಿಲ್ಮ್ ಎಂದು ವಿವರಿಸುತ್ತಿದ್ದೆ. ಎರಡನೇ ಬೆಂಚಿನ ಹುಡುಗಿ ಎದ್ದಳು.

"ಮಿಸ್, ನಮ್ಮ ಶಾಲೆ ಟ್ಯಾಂಕಲ್ಲೂ ಲೋಳೆ ಇದೆ. ಅದಕ್ಯಾಕೆ ತುಕ್ಕಿನ ಬಣ್ಣ?"

ಪಾಠಯೋಜನೆಯಲ್ಲಿ ಇದು ಇರಲಿಲ್ಲ. "ಸರಿಯಾಗಿ ತೊಳೆಯದಿದ್ದರೆ ಕೊಳೆ ಕೂತು ಹಾಗಾಗುತ್ತೆ" ಎಂದುಬಿಟ್ಟೆ. ಅವಳು ಮತ್ತೆ ಮಾತಾಡಲಿಲ್ಲ. ಆ ಟ್ಯಾಂಕ್ ತೊಳೆಯುವವರು ಅವಳ ಅಪ್ಪ ಎಂದು ಪಾಠ ಮುಗಿದ ಮೇಲೆ ತರಗತಿ ಶಿಕ್ಷಕರಿಂದ ತಿಳಿಯಿತು. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: "ಪ್ರಶ್ನೆಗೆ ಉತ್ತರ ಬಾಕಿ."

ಅಂದು ರಾತ್ರಿ ಪದವಿಯ ಪುಸ್ತಕಗಳನ್ನು ಮತ್ತೆ ತೆರೆದೆ. ಲೋಳೆಯ ಬಹುಪಾಲು ನೀರು. ಅದನ್ನು ಹಿಡಿದಿಡುವುದು ಬ್ಯಾಕ್ಟೀರಿಯಾ ಹೊರಸೂಸುವ ಪಾಲಿಸ್ಯಾಕರೈಡ್, ಅಂದರೆ ಸಕ್ಕರೆಯ ಘಟಕಗಳ ಉದ್ದನೆಯ ಸರಪಳಿ. ಜೊತೆಗೆ ಪ್ರೋಟೀನು, ಡಿಎನ್‌ಎ. ಇಂಥ ಅನೇಕ ಸರಪಳಿಗಳಲ್ಲಿ ಕಾರ್ಬಾಕ್ಸಿಲ್ ಗುಂಪುಗಳಿರುತ್ತವೆ. ಸಾಧಾರಣ ನೀರಿನಲ್ಲಿ ಅವಕ್ಕೆ ಋಣ ಆವೇಶ, ಲೋಹದ ಅಯಾನುಗಳಿಗೆ ಧನ ಆವೇಶ. ಹಾಗಾಗಿ ಲೋಹ ಅಲ್ಲಿಗೆ ಅಂಟುತ್ತದೆ. ಕ್ಯಾಲ್ಸಿಯಂ ಎರಡು ಸರಪಳಿಗಳ ನಡುವೆ ಸೇತುವೆಯಂತೆ ನಿಂತು ಲೋಳೆಯನ್ನು ಗಟ್ಟಿಯಾಗಿಸುತ್ತದೆ. ಬೋರ್‌ವೆಲ್ ನೀರಿನಲ್ಲಿ ಬಣ್ಣವಿಲ್ಲದೆ ಕರಗಿರುವ ಕಬ್ಬಿಣ ಗಾಳಿ ತಾಗಿದಾಗ ಕಂದು ಬಣ್ಣಕ್ಕೆ ತಿರುಗುತ್ತದೆ. ಲೆಪ್ಟೋಥ್ರಿಕ್ಸ್, ಗ್ಯಾಲಿಯೊನೆಲ್ಲಾದಂಥ ಕಬ್ಬಿಣದ ಬ್ಯಾಕ್ಟೀರಿಯಾಗಳು ಅದನ್ನು ತಮ್ಮ ಕವಚದಲ್ಲೋ ಎಳೆಯಲ್ಲೋ ಶೇಖರಿಸುತ್ತವೆ.

ಮುಂದಿನ ತರಗತಿಗೆ ಕಾಲೇಜಿನ ಪ್ರಯೋಗಾಲಯದಿಂದ ಸೋಡಿಯಂ ಆಲ್ಜಿನೇಟ್ ತಂದೆ. ಅದರ ದ್ರಾವಣವನ್ನು ಡ್ರಾಪರಿನಿಂದ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಬಿಟ್ಟಾಗ ಪ್ರತಿ ಹನಿಯೂ ಸಾಬೂದಾನಿಯಂತೆ ಗುಂಡಗಾಯಿತು. ಗುಂಡುಗಳನ್ನು ತೊಳೆದು, ತೆಳುವಾದ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಹಾಕಿದೆ. ಅದು ಚರ್ಮಕ್ಕೆ ಹಾನಿಕರವಾದ್ದರಿಂದ ಗ್ಲೌಸ್ ಹಾಕಿಕೊಂಡು ನಾನೇ ಮಾಡಿದೆ. ಗುಂಡುಗಳು ತುಕ್ಕಿನ ಬಣ್ಣಕ್ಕೆ ತಿರುಗಿದವು. ಮೂರು ಸಲ ನೀರಿನಲ್ಲಿ ತೊಳೆದರೂ ಬಣ್ಣ ಹೋಗಲಿಲ್ಲ.

"ಆಲ್ಜಿನೇಟ್ ಸಮುದ್ರದ ಕಂದು ಪಾಚಿಯದು. ಕೆಲವು ಬ್ಯಾಕ್ಟೀರಿಯಾಗಳೂ ಮಾಡುತ್ತವೆ. ನಮ್ಮ ಟ್ಯಾಂಕಿನ ಲೋಳೆ ಇದೇ ಅಲ್ಲ, ಇದು ಅದರ ಮಾದರಿ ಮಾತ್ರ" ಎಂದೆ.

"ಹಾಗಾದ್ರೆ ಎಷ್ಟು ತೊಳೆದ್ರೂ ಮತ್ತೆ ಬರುತ್ತಾ ಮಿಸ್?" ಅದೇ ಹುಡುಗಿ.

"ತೊಳೀತಾನೇ ಇರಬೇಕು. ಆದರೆ ನೀರಲ್ಲಿ ಕಬ್ಬಿಣ ಇರೋವರೆಗೂ ಮತ್ತೆ ಬರುತ್ತೆ. ಅದು ತೊಳೆದವರ ತಪ್ಪಲ್ಲ. ಅವತ್ತು ನಾನು ಹೇಳಿದ್ದು ತಪ್ಪು."

"ನಮ್ಮಪ್ಪಂಗೆ ತೋರಿಸ್ಲಾ?" ಎಂದು ಕೇಳಿದಳು. ಮುಚ್ಚಳವಿರುವ ಪುಟ್ಟ ಬಾಟಲಿಯಲ್ಲಿ ನಾಲ್ಕು ಗುಂಡುಗಳನ್ನು ನೀರಿನೊಂದಿಗೆ ಹಾಕಿ, ಮುಚ್ಚಳ ತೆಗೆಯಬೇಡ ಎಂದು ಹೇಳಿ ಕೊಟ್ಟೆ.

"ಗೊತ್ತಿಲ್ಲ, ನಾಳೆ ನೋಡಿಕೊಂಡು ಬಂದು ಹೇಳ್ತೀನಿ" ಎಂದು ಮೊದಲ ದಿನವೇ ಹೇಳಬಹುದಿತ್ತು. ನನ್ನ ಪಾಠಯೋಜನೆಯ ಕೊನೆಯಲ್ಲಿ ಈಗ ಬಾಕಿ ಪ್ರಶ್ನೆಗಳಿಗೆಂದು ನಾಲ್ಕು ಸಾಲು ಖಾಲಿ ಬಿಡುತ್ತೇನೆ.