ಸವಣೂರಿನ ಮಣ್ಣೆತ್ತು, ನ್ಯೂಜೆರ್ಸಿಯ ಕೋರ್ಸು

ಸವಣೂರು
ಆಷಾಢ ಮಂಗಳವಾರ

ಪ್ರೀತಿಯ ಅಕ್ಕ,

ನಿನ್ನ ಮಗಳು ಪುಟ್ಟಿ ಆರಾಮಿದ್ದಾಳೆ. ಊಟಕ್ಕೆ ತಕರಾರಿಲ್ಲ, ಸವಣೂರು ಖಾರದ ಡಬ್ಬಿಯನ್ನಂತೂ ಅವಳ ಕೈಗೆ ಸಿಗದ ಹಾಗೆ ಎತ್ತಿಡಬೇಕಾಗಿದೆ. ನ್ಯೂಜೆರ್ಸಿಯ ನಿಮಗದು ಬೇಸಿಗೆ ರಜೆ, ಇಲ್ಲಿ ಜಿಟಿಜಿಟಿ ಮಳೆ. ಸೆಪ್ಟೆಂಬರಿನಿಂದ ಹೈಸ್ಕೂಲಿನಲ್ಲಿ ಎಪಿ ತ್ರೀ-ಡಿ ಆರ್ಟ್ ಅನ್ನುವ ಶಿಲ್ಪದ ಕೋರ್ಸು ಓದಬೇಕಾದ ಹುಡುಗಿಯನ್ನು ಅಲ್ಲಿಯ ಶಿಬಿರ ಬಿಡಿಸಿ ನಮ್ಮ ಸೋದರತ್ತೆಯ ಮನೆಗೆ ಕರೆತಂದು ಏನು ಕಲಿಸುವುದು ಅಂತ ಬೆಂಗಳೂರು ಬಿಡುವಾಗ ನನಗೂ ಅನುಮಾನವಿತ್ತು.

ಬಂದ ವಾರದಲ್ಲೇ ಮಣ್ಣೆತ್ತಿನ ಅಮಾವಾಸ್ಯೆ. ಅತ್ತೆ ಹೊಲದ ಎರೆಮಣ್ಣು ತರಿಸಿ, ಹರಳು ಆರಿಸಿ, ಹದವಾಗಿ ಕಲಸಿ ಇವಳ ಮುಂದಿಟ್ಟರು. ಇವಳು ಫೋನಿನಲ್ಲಿ ಎತ್ತಿನ ಚಿತ್ರ ನೋಡುತ್ತಾ ದಪ್ಪ ಹೊಟ್ಟೆ, ಸಣ್ಣ ಕಾಲು, ಚೂಪು ಕೋಡು ಮಾಡಿದಳು. ಚೆಂದವೇ ಇತ್ತು. ಸಂಜೆಗೆ ಕೋಡು ಉದುರಿ, ಕಾಲು ಹೊಟ್ಟೆಗೆ ಕೂಡುವ ಕಡೆ ಬಿರುಕು ಬಿಟ್ಟಿತು. ತೆಳುವಾದದ್ದು ಮೊದಲು ಒಣಗಿ ಕುಗ್ಗುತ್ತದೆ, ದಪ್ಪದ್ದು ಇನ್ನೂ ಹಸಿ. ನಡುವೆ ಸೀಳದೆ ಇನ್ನೇನು? ಎರೆಮಣ್ಣೋ, ಬಿಸಿಲು ಬಿದ್ದರೆ ಹೊಲದಲ್ಲೇ ಬಾಯಿ ಬಿಡುವ ಜಾತಿ. “ಅಷ್ಟ್ ಸಣ್ಣಗ ಮಾಡಬ್ಯಾಡವಾ, ಕಾಲಾಗ ಜೀವ ಇದ್ರ ಎತ್ತು ನಿಂದರತೈತಿ” ಅಂದ ಅತ್ತೆ, ಮಣ್ಣಿಗೆ ಒಂದಿಷ್ಟು ಹತ್ತಿ ಎಳೆ ಬೆರೆಸಿ ನಾದಿ, ಕೋಡಿನೊಳಗೆ ಕಡ್ಡಿ ಸಿಗಿಸಿ, ಮೇಲೆ ಒದ್ದೆ ಅರಿವೆ ಹೊದಿಸಿದರು. ಒಳಗಿನ ಆ ಕಡ್ಡಿಗೆ ಇವಳ ಪುಸ್ತಕದಲ್ಲಿ ಆರ್ಮೇಚರ್ ಅಂತ ಒಂದು ಅಧ್ಯಾಯವೇ ಇದೆ! ಮರುದಿನ ಜೋಡೆತ್ತು ನಿಂತವು, ಮುಂದೊಂದು ಮೇವಿನ ಗ್ವಾದಲಿ. ಈಗ ಮಂಗಳವಾರ ಬಂತೆಂದರೆ ಓಣಿಯ ಹುಡುಗಿಯರ ಜತೆ ಕೂತು ಮಣ್ಣಿನ ಗುಳ್ಳವ್ವನ ಮೈಗೆ ಗುಲಗಂಜಿ, ಕುಸುಬಿ ಕಾಳು ಒತ್ತುತ್ತಾಳೆ.

ಭಾನುವಾರ ಶಿಗ್ಗಾವಿ ಹತ್ತಿರ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ಗೆ ಹೋಗಿದ್ದೆವು. 2020ರಲ್ಲಿ ತೀರಿಕೊಂಡ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ಕಟ್ಟಿದ್ದು: ಆಳೆತ್ತರದ ಸಿಮೆಂಟಿನ ರೈತರು, ಹೆಂಗಸರು, ದನಕರು. ರಾಜಕುಮಾರರ ಸಿನಿಮಾ ಪಾತ್ರಗಳ ಮುಂದೆ ಜನ ಸೆಲ್ಫಿಗೆ ಮುಗಿಬಿದ್ದಿದ್ದರೆ ಪುಟ್ಟಿ ಬೊಂಬೆಗಳ ಹಿಂದೆ ಹೋಗಿ ಬೆನ್ನು, ಹೆಗಲು, ಹಿಮ್ಮಡಿ ಬರೆದುಕೊಳ್ಳುತ್ತಿದ್ದಳು. ಗುಡಿಯ ಗೋಡೆ ನೋಡಿ ಬೆಳೆದ ನಮಗೆ ಶಿಲ್ಪವನ್ನು ಮುಂದಿನಿಂದ ನೋಡುವುದೇ ರೂಢಿ. ಇವಳೋ ಕೋರ್ಸಿಗಾಗಿ ತನ್ನ ಆರಿಸಿದ ಒಂದೊಂದು ಕೃತಿಯನ್ನೂ ಎರಡು ಕೋನದಿಂದ ತೋರಿಸಬೇಕು. ನನ್ನನ್ನು ಕೇಳಿದರೆ ಅಲ್ಲಿ ಬಣ್ಣ ತುಸು ಜಾಸ್ತಿ. ಆದರೆ ಮೈಭಾರ ಯಾವ ಕಾಲಿನ ಮೇಲಿದೆ ಅನ್ನುವುದು ಬೆನ್ನ ಕಡೆಯಿಂದಲೂ ಗೊತ್ತಾಗುತ್ತದೆ, ಅದು ಸಣ್ಣ ಮಾತಲ್ಲ.

ಬರುವಾಗ ಬಂಕಾಪುರದ ಕೋಟೆಯೊಳಗೆ ಅರವತ್ತು ಕಂಬದ ಗುಡಿ ಹೊಕ್ಕೆವು. ಚಾಲುಕ್ಯರ ಕಾಲದ ಕಡೆದ ಕಂಬಗಳನ್ನು ಮುಟ್ಟಿ ನೋಡುವಷ್ಟರಲ್ಲಿ ಮಳೆ ಜೋರಾಯಿತು, ಹೊರಟುಬಿಟ್ಟೆವು.

ಅವಳ ಕೋರ್ಸಿಗೆ ವಿಷಯ ಸಿಕ್ಕಿದ್ದು ಮಾತ್ರ ಊರಲ್ಲೇ, ದೊಡ್ಡಹುಣಸೆ ಮಠದಲ್ಲಿ. ಆಫ್ರಿಕಾ ಮೂಲದ ಆ ಮೂರು ದೊಡ್ಡಹುಣಸೆ ಮರಗಳಲ್ಲಿ ಒಂದು 2023ರ ಜುಲೈ ಮಳೆಗೆ ಬುಡಸಮೇತ ಉರುಳಿದ್ದು, ಅದನ್ನೆತ್ತಿ ಮತ್ತೆ ನೆಟ್ಟದ್ದು ನಿನಗೂ ಗೊತ್ತಿರಬೇಕು. ಬಿದ್ದದ್ದು ಮತ್ತೆ ನಿಲ್ಲುವುದು ಹೇಗೆ, ಇದೇ ನನ್ನ ವರ್ಷದ ಪ್ರಶ್ನೆ ಅನ್ನುತ್ತಾಳೆ. ಒಂದೇ ಪ್ರಶ್ನೆಯ ಬೆನ್ನು ಹತ್ತಿ 15 ಚಿತ್ರ ಕೊಡಬೇಕಂತಲ್ಲ, ಪ್ರಯೋಗ, ತಿದ್ದುಪಡಿ ಎಲ್ಲ ಕಾಣುವ ಹಾಗೆ. ಬಿರುಕು ಬಿಟ್ಟ ಎತ್ತಿನ ಫೋಟೋ ಅಳಿಸಬೇಡ ಅಂತ ತಾಕೀತು ಮಾಡಿದ್ದೇನೆ. ಎತ್ತುಗಳೇನೋ ನೀರಿಗೆ ಬಿದ್ದು ಕರಗಿದವು.

ನೀನು ತರಿಸುತ್ತೇನೆ ಅಂದ ದುಬಾರಿ ಉಪಕರಣದ ಸೆಟ್ ಸದ್ಯಕ್ಕೆ ಬೇಡ. ಅತ್ತೆ ಬಿದಿರು ಸೀಳಿ ಕಡ್ಡಿ ಮಾಡಿಕೊಟ್ಟಿದ್ದಾರೆ, ಸಾಕು. ಆ ದುಡ್ಡಿಗೆ ಜೇಡಿಮಣ್ಣು ತಂದಿಡು. ಭಾವನ ಕಾರು ಈ ವರ್ಷ ಹೊರಗೇ ನಿಲ್ಲಲಿ. ಗ್ಯಾರೇಜಿನಲ್ಲಿ ಅವಳಿಗೊಂದು ಮೂಲೆ ಬಿಟ್ಟುಕೊಡಿ.

ನಿನ್ನ ತಂಗಿ