ಹೆತ್ತವರು ಶಾಲೆಗೆ ಹೋದ ಸಂಜೆ

ನಮ್ಮ ಬಾಲ್ಯದಲ್ಲಿ ಶಾಲೆಯಿಂದ ತಂದೆಗೆ ಕರೆ ಬಂದಿತೆಂದರೆ ಮಗನ ಮಾನ ಹೋಯಿತೆಂದೇ ಅರ್ಥ. ತಪ್ಪು ಮಾಡಿದ ಹುಡುಗನ ಮನೆಗೆ ಹೊರತು ಹೆಡ್‌ಮಾಸ್ತರರು ಹೇಳಿಕಳುಹಿಸಿದುದನ್ನು ನಾವು ಕಾಣೆವು. ಆದುದರಿಂದ, ನಾವು ದಂಪತಿಗಳು ಅಮೆರಿಕದ ನ್ಯೂಜರ್ಸಿಗೆ ಬಂದು ನೆಲಸಿದ ವರ್ಷ, ಅಂದರೆ 2023ನೆಯ ಇಸವಿಯ ಸೆಪ್ಟೆಂಬರಿನಲ್ಲಿ, ಗೌರೀಹಬ್ಬದ ವಾರದಲ್ಲಿಯೇ, ‘ಬ್ಯಾಕ್ ಟು ಸ್ಕೂಲ್ ನೈಟ್’ಗೆ ಬರಬೇಕೆಂದು ಮಗನ ಶಾಲೆಯಿಂದ ಕಾಗದ ಬಂದಾಗ ನಮಗೆ ಎದೆ ಧಸಕ್ಕೆಂದಿತು. “ಅಮ್ಮಾ, ಎಲ್ಲರ ಮನೆಗೂ ಬಂದಿದೆ” ಎಂದು ಮಗನೇ ಸಮಾಧಾನ ಹೇಳಿದನು. ಅಷ್ಟು ಹೇಳುವುದಕ್ಕೆ ಅವನಿಗೆ ಬಹಳ ಹೊತ್ತು ಹಿಡಿಯಿತು. ಅವನಿಗೆ ಉಗ್ಗು. ಆಗ ಹನ್ನೊಂದು ವರ್ಷ, ಆರನೆಯ ತರಗತಿ.

ಬೇಸಗೆಯ ರಜೆ ಮುಗಿದು ಪಾಠಗಳು ಮೊದಲಾದ ಕೆಲವು ವಾರಗಳೊಳಗೆ ಆ ದೇಶದ ಬಹುಮಟ್ಟಿನ ಶಾಲೆಗಳಲ್ಲಿ ಇಂತಹ ಒಂದು ಸಂಜೆ ಉಂಟು. ಮಕ್ಕಳು ಸಾಮಾನ್ಯವಾಗಿ ಮನೆಯಲ್ಲಿ ಉಳಿಯುವರು. ಹೆತ್ತವರು ಶಾಲೆಗೆ ಹೋಗುವರು. ಆರನೆಯ ತರಗತಿಯ ಮೇಲ್ಪಟ್ಟ ಮಕ್ಕಳು ಪಾಠಪಾಠಕ್ಕೂ ಕೊಠಡಿಯಿಂದ ಕೊಠಡಿಗೆ ತಿರುಗತಕ್ಕವರು. ಆದುದರಿಂದ ಮಗನ ಟೈಮ್‌ಟೇಬಲನ್ನು ಕೈಯಲ್ಲಿ ಹಿಡಿದು ನಾವೂ ಅದೇ ಕ್ರಮದಲ್ಲಿ ತಿರುಗಬೇಕು. ನಮ್ಮ ಶಾಲೆಯಲ್ಲಿ ಒಂದೊಂದು ಪಾಠಕ್ಕೆ ಹತ್ತೇ ನಿಮಿಷ. ಘಂಟೆ ಬಾರಿಸಿದೊಡನೆ ಉಪಾಧ್ಯಾಯರ ಮಾತು ಅರ್ಧದಲ್ಲಿದ್ದರೂ ಏಳಬೇಕು. ಎರಡು ಸಲ ದಾರಿ ತಪ್ಪಿ ಗಣಿತದ ತರಗತಿಗೆ ಹೊತ್ತು ಮೀರಿ ಹೋದೆವು. ಅಲ್ಲಿ ತಲೆ ತಗ್ಗಿಸಿ ಒಳಗೆ ನುಸುಳುವಾಗ ನಮಗೆ ಮೂವತ್ತು ವರ್ಷದ ಹಿಂದಿನ ಭಯವೇ ಬಂದಿತು. ಮೇಜು ಅಂಟಿಸಿದ ಪುಟ್ಟ ಕುರ್ಚಿಯೊಳಗೆ ನಮ್ಮಲ್ಲಿ ಸ್ಥೂಲಕಾಯರಾದವರು ಕುಳಿತದ್ದೂ ಎದ್ದದ್ದೂ ಬೇರೆಯೇ ಒಂದು ಕಥೆ.

ಹಜಾರದಲ್ಲಿ ತಾಯಿತಂದೆಗಳ ಮತ್ತು ಉಪಾಧ್ಯಾಯರ ಸಂಘದವರು ಮೇಜು ಹಾಕಿಕೊಂಡು ಸದಸ್ಯರನ್ನು ಸೇರಿಸುತ್ತಿದ್ದರು. ಪಿ.ಟಿ.ಎ. ಎಂಬ ಹೆಸರಿನ ಈ ಸಂಘವು 1897ರಲ್ಲಿ ವಾಷಿಂಗ್ಟನ್ ನಗರದಲ್ಲಿ ತಾಯಂದಿರ ಮಹಾಸಭೆಯಾಗಿ ಹುಟ್ಟಿತು; ಆಲಿಸ್ ಬರ್ನಿ, ಫೀಬಿ ಹರ್ಸ್ಟ್ ಎಂಬ ಇಬ್ಬರು ಮಹಿಳೆಯರು ಅದನ್ನು ಸ್ಥಾಪಿಸಿದವರು. ನಾವೂ ಚಂದಾ ಕೊಟ್ಟು ಮುಂದೆ ಹೋದೆವು.

ನಾವು ಹೋದುದು ಒಂದೇ ಪ್ರಶ್ನೆಯನ್ನು ಇಟ್ಟುಕೊಂಡು: ನಮ್ಮ ಮಗನು ತರಗತಿಯಲ್ಲಿ ಬಾಯಿ ಬಿಡುತ್ತಾನೆಯೆ? ಆದರೆ ಆ ಸಂಜೆ ಅದನ್ನು ಕೇಳತಕ್ಕದ್ದಲ್ಲವೆಂದು ಬೇಗನೆ ತಿಳಿಯಿತು. ಉಪಾಧ್ಯಾಯರು ವರ್ಷದ ಪಾಠಗಳು, ಮನೆಗೆಲಸ, ಅಂಕ ಕೊಡುವ ಬಗೆ, ಇವನ್ನು ಎಲ್ಲರಿಗೂ ಒಟ್ಟಾಗಿ ಹೇಳುವರು. ಒಂದೊಂದು ಮಗುವಿನ ವಿಚಾರಕ್ಕೆ ಮುಂದೆ ಬೇರೆ ದಿನ ಗೊತ್ತುಮಾಡುವರು. ನಮ್ಮ ಮುಂದಿನ ಸಾಲಿನ ತಂದೆಯೊಬ್ಬರು ಮಗಳ ಅಂಕದ ಮಾತೆತ್ತಿದಾಗ ಉಪಾಧ್ಯಾಯಿನಿಯು ಮೃದುವಾಗಿಯೇ ತಡೆದರು. ಮೊದಲು ನಮಗೆ ಇದು ಒಣ ಉಪಚಾರವಾಗಿ ತೋರಿತು. ಆಮೇಲೆ ಯೋಚಿಸಿದರೆ, ಇಪ್ಪತ್ತು ಜನರ ಎದುರಿಗೆ ಮಗನ ಉಗ್ಗಿನ ಮಾತನ್ನು ಆಡುವ ಧೈರ್ಯ ನಮಗಾದರೂ ಎಲ್ಲಿತ್ತು?

ಕೊನೆಯದು ಇಂಗ್ಲಿಷ್ ತರಗತಿ. ಉಪಾಧ್ಯಾಯಿನಿಯು ಒಂದೊಂದು ಚೀಟಿಯನ್ನು ಹಂಚಿ, ಮಗುವಿನ ವಿಷಯವಾಗಿ ತಮಗೆ ತಿಳಿದಿರಬೇಕಾದುದೇನಾದರೂ ಇದ್ದರೆ ಬರೆದುಕೊಡಿರೆಂದರು. ಅವರು ಪಾಠಕ್ರಮವನ್ನು ವಿವರಿಸುತ್ತಿದ್ದಂತೆ ನಮ್ಮಿಬ್ಬರಲ್ಲಿ ಪಿಸುಮಾತಿನ ಜಗಳ ಹತ್ತಿತು. ಬರೆದರೆ ಹೊಸ ಊರಿನಲ್ಲಿ ಹುಡುಗನಿಗೆ ಅದೇ ಹೆಸರಾಗಿ ಅಂಟಿಕೊಳ್ಳುವುದೆಂದು ಒಬ್ಬರು. ಬರೆಯದಿದ್ದರೆ ಗಟ್ಟಿಯಾಗಿ ಓದೆಂದು ಎಬ್ಬಿಸಿ ನಿಲ್ಲಿಸಿದ ದಿನ ಅವನ ಗತಿಯೇನೆಂದು ಇನ್ನೊಬ್ಬರು. ಯಾರು ಯಾವ ಪಕ್ಷವೆಂಬುದನ್ನು ಇಲ್ಲಿ ಹೇಳುವುದಿಲ್ಲ. ಘಂಟೆ ಬಾರಿಸಿತು. ಎಲ್ಲರೂ ಎದ್ದರು. ನಿಂತೇ, ಪೆನ್ಸಿಲಿನಲ್ಲಿ, ಒಂದು ಸಾಲು ಬರೆದು ಕೊಟ್ಟು ಹೊರಟೆವು.

ಮಗನು ನೆರೆಮನೆಯಲ್ಲಿ ಕಾದಿದ್ದನು. “ಏನು ಬರೆದಿರಿ?” ಎಂಬುದೇ ಅವನ ಮೊದಲ ಮಾತು, ಚೀಟಿಯ ಸಂಗತಿ ಅವನಿಗೆ ಗೆಳೆಯರಿಂದ ಮೊದಲೇ ಗೊತ್ತಿತ್ತು. ನಿಜ ಹೇಳಿದೆವು. ಅವನು ಏನೂ ಅನ್ನಲಿಲ್ಲ. ಆ ರಾತ್ರಿ ಹಬ್ಬದ ಒಬ್ಬಟ್ಟನ್ನೂ ಸರಿಯಾಗಿ ತಿನ್ನಲಿಲ್ಲ. ನಮಗೂ ನಿದ್ರೆ ಹತ್ತಲಿಲ್ಲ.

ಮೂರನೆಯ ದಿನ ಉಪಾಧ್ಯಾಯಿನಿಯಿಂದ ಉತ್ತರ ಬಂದಿತು. ಓದಬೇಕಾದ ಭಾಗವನ್ನು ಹಿಂದಿನ ದಿನವೇ ಅವನಿಗೆ ಕೊಡುವೆವು, ಅವನು ಕೈ ಎತ್ತದೆ ಎಬ್ಬಿಸುವುದಿಲ್ಲ ಎಂದಿದ್ದರು. ಅದರೊಡನೆ ನಾವು ತಿಳಿಯದಿದ್ದ ಇನ್ನೊಂದು ಸಂಗತಿಯನ್ನೂ ತಿಳಿಸಿದ್ದರು. 1975ರ ಕಾನೂನಿನಿಂದ ಬಂದ ಹಕ್ಕಿನಂತೆ, ಮಗುವನ್ನು ಪರೀಕ್ಷಿಸಬೇಕೆಂದು ಹೆತ್ತವರು ಸರಕಾರಿ ಶಾಲೆಯನ್ನು ಬರವಣಿಗೆಯಲ್ಲಿ ಕೇಳಬಹುದು. ನೆರವು ಅವಶ್ಯವೆಂದು ಕಂಡರೆ ಶುಲ್ಕವಿಲ್ಲದೆ ಕೊಡಬೇಕು. ಹೆತ್ತವರ ಒಪ್ಪಿಗೆ ಇಲ್ಲದೆ ಮೊದಲ ಪರೀಕ್ಷೆಯನ್ನು ಮಾಡುವಂತಿಲ್ಲ. ಪರದೇಶದಲ್ಲಿರುವ ನಮ್ಮವರು ಈ ವಿಷಯವನ್ನು ತಿಳಿದಿರುವುದು ಒಳ್ಳೆಯದು. ನಾವು ಬರೆದೆವು. ಚಳಿಗಾಲದಿಂದ ವಾರಕ್ಕೊಂದು ದಿನ ಅವನಿಗೆ ಮಾತಿನ ಅಭ್ಯಾಸ ಮೊದಲಾಯಿತು. ಉಗ್ಗು ಹೋಗಿಲ್ಲ.

ಮರುವರ್ಷದ ಸೆಪ್ಟೆಂಬರಿನಲ್ಲಿ ನಾವು ಅದೇ ಸಂಜೆಗೆ ಹೊರಟು ನಿಂತಾಗ ಮಗನು ಮಡಿಸಿದ ಕಾಗದವೊಂದನ್ನು ತಂದು ಕೈಗಿತ್ತನು; ಚೀಟಿ ಕೊಟ್ಟರೆ ಇದನ್ನೇ ಬರೆಯಬೇಕಂತೆ. ಬಿಡಿಸಿ ನೋಡಿದೆವು. “ನಾನು ನಿಧಾನವಾಗಿ ಮಾತನಾಡುವೆನು. ನನ್ನ ವಾಕ್ಯವನ್ನು ಬೇರೆಯವರು ಮುಗಿಸಬಾರದು” ಎಂದು ಇಂಗ್ಲಿಷಿನಲ್ಲಿ ಬರೆದಿದ್ದನು. ಒಂದಕ್ಷರವನ್ನೂ ತಿದ್ದದೆ ನಕಲು ಮಾಡಿಕೊಟ್ಟು ಬಂದೆವು.